ಸೊನ್ನೆ ಕಾಯುತ್ತಿದ್ದ ಅಕ್ಕ

ನಮ್ಮ ಯಂತ್ರ ಪರೀಕ್ಷಾ ಕೇಂದ್ರದಲ್ಲಿ ಸೊನ್ನೆ ನೋಡುವುದಕ್ಕೇ ಸಂಬಳ ತೆಗೆದುಕೊಳ್ಳುತ್ತಿದ್ದವಳು ಒಬ್ಬಳಿದ್ದಳು. ಅವಳನ್ನು ಎಲ್ಲರೂ ಸೊನ್ನೆಯಕ್ಕ ಎಂದು ಎದುರಿಗೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ನನಗಿಂತ ಬಹಳ ದೊಡ್ಡವಳು. ಆದರೂ ನಾನು ಏಕವಚನದಲ್ಲೇ ಮಾತಾಡುವಷ್ಟು ಸಲಿಗೆ ಕೊಟ್ಟಿದ್ದಳು. ಆ ಸಲಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಬೈಸಿಕೊಳ್ಳುವುದಿದ್ದರೆ ಆಮೇಲೆ ಬೈಸಿಕೊಳ್ಳುತ್ತೇನೆ.

ಅವಳ ಕೆಲಸ ಏನೆಂದು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತುವುದಿಲ್ಲ. ದಪ್ಪ ಗೋಡೆಯ ಒಂದು ಹಾಲ್. ಅದರೊಳಗೆ ಟರ್ಬೈನುಗಳ, ದೊಡ್ಡ ಫ್ಯಾನುಗಳ ಚಕ್ರವನ್ನು ಬಿಗಿದು ತಿರುಗಿಸುವ ಯಂತ್ರ. ಚಕ್ರದ ಮೈಗೆಲ್ಲ ಸೆನ್ಸರುಗಳನ್ನು ಅಂಟಿಸಿರುತ್ತಾರೆ. ವೇಗ ಏರಿದಂತೆ ಚಕ್ರ ಎಲ್ಲಿ ನಡುಗುತ್ತದೆ, ಎಲ್ಲಿ ಬಳುಕುತ್ತದೆ ಎಂದು ಒಂದೊಂದು ಸೆನ್ಸರೂ ಸೆಕೆಂಡಿಗೆ ಲಕ್ಷ ಸಲ ವರದಿ ಒಪ್ಪಿಸುತ್ತದೆ. ಅಂಥವು ಅರವತ್ತು ಚಿಲ್ಲರೆ. ಅಷ್ಟೂ ವರದಿಯನ್ನು ಗೋಡೆಯ ಈಚೆಗಿನ ಕೋಣೆಯ ಕಂಪ್ಯೂಟರು ಒಂದನ್ನೂ ಬಿಡದೆ ಬರೆದುಕೊಳ್ಳಬೇಕು, ಚಕ್ರ ನಿಲ್ಲುವ ತನಕ. ಚಕ್ರಕ್ಕೆ ‘ಸ್ವಲ್ಪ ತಾಳು’ ಅನ್ನುವ ಹಾಗಿಲ್ಲ.

ನಾನು ಹೊಸದಾಗಿ ಸೇರಿದಾಗ ಇದೇನು ಮಹಾ ಎಂದು ಮೂಗು ಮುರಿದಿದ್ದೆ. ಅಕ್ಕ ನನ್ನನ್ನು ಕೂರಿಸಿಕೊಂಡು ಹೇಳಿದಳು: “ನಿಲ್ಲಿಸೋಕಾಗದ ನಲ್ಲಿ ಅಂದ್ಕೋ. ಕೆಳಗೆ ಎರಡು ಬಿಂದಿಗೆ. ಒಂದು ತುಂಬೋಷ್ಟರಲ್ಲಿ ಇನ್ನೊಂದನ್ನ ತೊಟ್ಟಿಗೆ ಸುರಿದು ಬಂದು ಇಡ್ಬೇಕು. ಬಿಂದಿಗೆ ಅಂದ್ರೆ ಕಂಪ್ಯೂಟರಿನ ಮೆಮೊರಿ, ತೊಟ್ಟಿ ಅಂದ್ರೆ ಡಿಸ್ಕ್. ಒಂದು ಸಲ ಓಡಿ ಹೋಗಿ ಬರೋದು ಯಾರಿಗೂ ಆಗುತ್ತೆ ಕಣೇ. ಮುಕ್ಕಾಲು ಗಂಟೆ ಒಂದೇ ಸಮ ಓಡ್ತಾನೇ ಇರ್ಬೇಕಲ್ಲ, ಅಲ್ಲಿದೆ ಕಷ್ಟ. ಒಂದು ಸಲ ತಡ ಆಯ್ತೋ, ಚೆಲ್ಲಿದ್ದು ಚೆಲ್ಲಿಹೋಯ್ತು. ಬಾಚ್ಕೊಳ್ಳೋಕಾಗಲ್ಲ.”

ಹಾಗಾಗಿ ಅವಳ ಕೋಣೆಯಲ್ಲಿ ಮಡಿ ಜೋರು. ಆ ಕಂಪ್ಯೂಟರಿನಲ್ಲಿ ಬೇರೆ ಯಾವ ಪ್ರೋಗ್ರಾಮೂ ಇರಕೂಡದು. ನೆಟ್‌ವರ್ಕ್ ವೈರು ಕಿತ್ತಿಟ್ಟಿರಬೇಕು, ಹೊರಗಿನವರು ಯಾರೂ ನಡುವೆ ಬಂದು ಡಿಸ್ಕನ್ನು ಮಾತಾಡಿಸಕೂಡದು. ಬರೆಯಲು ಬೇಕಾಗುವಷ್ಟು ಜಾಗವನ್ನು ಡಿಸ್ಕಿನಲ್ಲಿ ಮೊದಲೇ ಒಟ್ಟಿಗೆ ಕಾದಿರಿಸಿಕೊಂಡಿರಬೇಕು. ಎಲ್ಲಕ್ಕಿಂತ ವಿಚಿತ್ರದ ಕಟ್ಟಳೆ ಎಂದರೆ, ಬರೆಯುವ ಹೊತ್ತಿನಲ್ಲಿ ಪರದೆಯ ಮೇಲೆ ಗ್ರಾಫ್ ಮೂಡಿಸುವಂತಿಲ್ಲ. ಚಿತ್ರ ಬಿಡಿಸುತ್ತಾ ಕೂತರೆ ಕಂಪ್ಯೂಟರಿನ ಕೈ ತಡವಾಗುತ್ತದೆ. ಅಲ್ಲಿಗೆ, ಬರುತ್ತಿರುವುದನ್ನೆಲ್ಲ ಹಿಡಿಯುವವಳು ಏನು ಬರುತ್ತಿದೆ ಎಂದು ನೋಡುವ ಹಾಗಿಲ್ಲ. ಕಪ್ಪು ಪರದೆಯ ಮೂಲೆಯಲ್ಲಿ ಒಂದೇ ಒಂದು ಅಂಕಿ: ಎಷ್ಟು ಚೆಲ್ಲಿಹೋಯಿತು ಎಂಬ ಲೆಕ್ಕ. ಅದು ಸೊನ್ನೆಯಾಗಿಯೇ ಇರಬೇಕು. ಅವಳು ಕಣ್ಣಲ್ಲಿ ಕಣ್ಣಿಟ್ಟು ಆ ಸೊನ್ನೆಯನ್ನು ಕಾಯುತ್ತಿದ್ದಳು. ಆಮೇಲೆ ಬಿಡುವಾದಾಗ ಆ ರಾಶಿಯನ್ನು ಕೇರಿ, ಸೋಸಿ, ಗ್ರಾಫ್ ಮಾಡಿ ಇಂಜಿನಿಯರುಗಳ ಮುಂದಿಡುವುದು ನನ್ನ ಕೆಲಸ. ಅವಳು ಹಿಡಿದದ್ದನ್ನು ನಾನು ನೋಡುತ್ತಿದ್ದೆ. ಅನ್ಯಾಯದ ಏರ್ಪಾಡು, ಆದರೆ ಹಾಗಿತ್ತು.

ಗೋಡೆಯ ಆಚೆ ಯಂತ್ರ ತಿರುಗಿಸುತ್ತಿದ್ದವರಿಗೆ ಬುಗುರಿಯಣ್ಣ ಎಂದು ಹೆಸರಿಟ್ಟಿದ್ದೆವು. ಉದ್ದನೆಯ ಆಳು, ಮಾತು ಕಮ್ಮಿ, ಮೊಣಕಾಲು ನೋವಿಗೆ ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದರೆ “ಯಂತ್ರ ನಿಲ್ಲಿಸಿ ಹೋಗೋಕೆ ಪುರುಸೊತ್ತು ಆಗ್ಲಿಲ್ಲ” ಎಂದು ನಗುತ್ತಿದ್ದರು. ಅಕ್ಕನಿಗೂ ಆಗಿರಲಿಲ್ಲ. ಅವಳು ತಮ್ಮನ ಮನೆಯಲ್ಲಿದ್ದಳು. ತಮ್ಮ ಒಳ್ಳೆಯವನು, ಅವನ ಹೆಂಡತಿಯೂ ಕೆಟ್ಟವಳಲ್ಲ. ಆದರೆ ಅಕ್ಕನ ಕೋಣೆ ಇಡೀ ಮನೆಯ ಕೋಣೆ. ಮಂಚದ ಕೆಳಗೆ ಎಲ್ಲರ ಸೂಟ್‌ಕೇಸು, ಕಿಟಕಿಗೆ ಒರಗಿಸಿದ ಇಸ್ತ್ರಿ ಹಲಗೆ, ಬಾಗಿಲ ಹಿಂದೆ ಮಕ್ಕಳ ಸೈಕಲ್ಲು. ಯಾರು ಯಾವಾಗ ಬೇಕಾದರೂ “ಅತ್ತೆ, ಒಂದ್ನಿಮಿಷ” ಎಂದು ನುಗ್ಗುತ್ತಿದ್ದರು. “ನನ್ನ ಕೋಣೆಗೆ ಚಿಲಕಾನೇ ಇಲ್ಲ” ಎಂದು ಒಮ್ಮೆ ಕ್ಯಾಂಟೀನಿನಲ್ಲಿ ನಗುತ್ತಾ ಹೇಳಿದಳು. ನಾವೆಲ್ಲ ನಕ್ಕೆವು. ಬುಗುರಿಯಣ್ಣ ನಗಲಿಲ್ಲ, ಟೀ ಲೋಟ ಕೆಳಗಿಟ್ಟು ಅವಳನ್ನೇ ನೋಡಿದರು.

ಅವರಿಬ್ಬರ ವಿಷಯ ಇಡೀ ಕೇಂದ್ರಕ್ಕೆ ಗೊತ್ತಿತ್ತು, ಅವರಿಬ್ಬರನ್ನು ಬಿಟ್ಟು. ಹೇಗೆಂದರೆ, ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ಅಣ್ಣ, ಅಕ್ಕ. ಗೇಟಿನವರೂ ಅಣ್ಣ, ಅಕೌಂಟ್ಸಿನವರೂ ಅಕ್ಕ. ಆದರೆ ಬುಗುರಿಯಣ್ಣನ ಬಾಯಲ್ಲಿ ಸೊನ್ನೆಯಕ್ಕ ಒಂದು ದಿನವೂ ಅಕ್ಕನಾಗಲಿಲ್ಲ. ಅವಳೂ ಅವರನ್ನು ಅಣ್ಣ ಅನ್ನಲಿಲ್ಲ. ‘ಹಾಲ್‌ನವರು’ ಅನ್ನುತ್ತಿದ್ದಳು. “ಹಾಲ್‌ನವರಿಗೆ ಶೀತ ಅಂತೆ”, “ಹಾಲ್‌ನವರು ಇವತ್ತು ಊಟ ಮಾಡ್ಲಿಲ್ಲ”. ಅಣ್ಣ, ಅಕ್ಕ ಅನ್ನುವುದನ್ನು ಅಷ್ಟು ಜೋಪಾನ ಮಾಡಿ ಯಾಕೆ ತಪ್ಪಿಸಿದರೆಂದು ಕೂಸಿಗೂ ಅರ್ಥವಾಗುತ್ತದೆ.

ಹಾಗಾದರೆ ಮಾತಾಡಬಾರದಿತ್ತೇ? ಅಲ್ಲೇ ಇರುವುದು ತಮಾಷೆ. ಅವರಿಬ್ಬರೂ ದಿನಾ ಮಾತಾಡುತ್ತಿದ್ದುದು ಹೆಡ್‌ಫೋನಿನಲ್ಲಿ, ಚಕ್ರ ತಿರುಗುವಾಗ. ಅವರ ಮಾತೂ ಒಂದು ಚಾನೆಲ್ಲಾಗಿ ಸೆನ್ಸರುಗಳ ಜೊತೆಗೇ ದಾಖಲಾಗುತ್ತಿತ್ತು, ಯಾವ ಕ್ಷಣಕ್ಕೆ ಹಾಲ್‌ನಲ್ಲಿ ಏನಾಯಿತೆಂದು ಆಮೇಲೆ ಹೊಂದಿಸಿ ನೋಡಲು. ಹಿಂದೆ ಯಾರೋ ಒಬ್ಬ ಆಪರೇಟರು ಆ ಚಾನೆಲ್ಲಿನಲ್ಲಿ ಮ್ಯಾನೇಜರನ್ನು ವಾಚಾಮಗೋಚರ ಬೈದಿದ್ದನಂತೆ. ಅದು ಗ್ರಾಹಕರ ಮುಂದೆ, ಮೀಟಿಂಗಿನಲ್ಲಿ, ಸ್ಪೀಕರಿನಿಂದ ಹೊರಟಿತಂತೆ. ಅಂದಿನಿಂದ ಗೊತ್ತುಮಾಡಿದ ಮಾತು ಬಿಟ್ಟು ಯಾರೂ ತುಟಿ ಎರಡು ಮಾಡುವಂತಿರಲಿಲ್ಲ. “ಸಿದ್ಧವಾ?” “ಸಿದ್ಧ.” “ವೇಗ ಏರಿಸ್ತೀನಿ.” “ಎಲ್ಲ ಸರಿ ಇದೆ. ಮುಂದುವರಿಸಿ.” ಇಷ್ಟೇ. ಆ ‘ಮುಂದುವರಿಸಿ’ಯನ್ನು ಅಕ್ಕ ಹೇಳುತ್ತಿದ್ದ ಬಗೆಯನ್ನು ನಾನು ಎಷ್ಟೋ ದಾಖಲೆಗಳಲ್ಲಿ ಕೇಳಿದ್ದೇನೆ. ಬೇರೆಯವರು ಯಂತ್ರ ಓಡಿಸಿದ ದಿನ ಅದು ಬರೀ ಕೆಲಸದ ಮಾತು. ಅವರು ಓಡಿಸಿದ ದಿನ ಅದರಲ್ಲಿ ಏನೋ ಒಂದು ಮೆತ್ತಗೆ ಇರುತ್ತಿತ್ತು.

ಹೀಗೆ ಮೀನಮೇಷ ಎಣಿಸುತ್ತಾ ಇಬ್ಬರ ತಲೆಯೂ ಬೆಳ್ಳಗಾಯಿತು. ಅಷ್ಟರಲ್ಲಿ ಬುಗುರಿಯಣ್ಣ ಸ್ವಯಂ ನಿವೃತ್ತಿಗೆ ಅರ್ಜಿ ಕೊಟ್ಟರು. ದೂರದ ಊರಿನಲ್ಲಿ ಅವರ ಒಡಹುಟ್ಟಿದ ಅಕ್ಕ ಒಬ್ಬರಿದ್ದರು. ಕಣ್ಣು ಮಂಜಾಗುತ್ತಾ ಬಂದಿತ್ತು, ನೋಡಿಕೊಳ್ಳುವವರು ಬೇಕಿತ್ತು. ಸುದ್ದಿ ಕೇಳಿದ ದಿನ ಸೊನ್ನೆಯಕ್ಕ ನನ್ನ ಮೇಜಿನ ಹತ್ತಿರ ಬಂದು, ಇದ್ದ ಪೆನ್ಸಿಲನ್ನೆಲ್ಲ ಚೂಪು ಮಾಡಿಕೊಟ್ಟು ಹೋದಳು.

ನನಗೆ ಸಿಟ್ಟು ಬಂತು. “ಅಕ್ಕ, ನೀನು ಹೇಳ್ತೀಯೋ, ನಾನೇ ಹೋಗಿ ಹೇಳ್ಲೋ?”

“ಏನಂತ ಹೇಳೋದೇ?”

“ನಿಮ್ಮನ್ನ ಕಂಡ್ರೆ ಇಷ್ಟ, ನಾನೂ ಬರ್ತೀನಿ ಅಂತ.”

ಅವಳ ಮುಖ ಕೆಂಪಾಯಿತು. ಆದರೆ ಇಲ್ಲ ಅನ್ನಲಿಲ್ಲ. “ಅವರ ಕಡೇ ದಿನ ಒಂದು ದೊಡ್ಡ ಚಕ್ರದ ರನ್ ಇದೆ. ಅದು ಮುಗಿದ್ಮೇಲೆ ಅವರು ಟೀಗೆ ಬರ್ತಾರಲ್ಲ, ಆಗ ಹೇಳ್ತೀನಿ. ನೀನು ಅಲ್ಲಿರ್ಬೇಡ” ಅಂದಳು.

ಆ ಕೊನೆಯ ದಿನ ನಾನು ಕ್ಯಾಂಟೀನಿನ ಕಡೆ ತಲೆ ಹಾಕಲಿಲ್ಲ. ಕೋಣೆಯೊಳಗೆ ಏನಾಯಿತೆಂದು ಅಕ್ಕ ಆಮೇಲೆ ಹೇಳಿದ್ದು. ಚಕ್ರ ಪೂರ್ತಿ ವೇಗಕ್ಕೆ ಏರಿ ನಿಂತಿತ್ತು. ಇದ್ದಕ್ಕಿದ್ದಂತೆ ಡಿಸ್ಕಿನ ದೀಪ ಮಿನುಗುವುದು ಬಿಟ್ಟು ಒಂದೇ ಸಮ ಉರಿಯಿತು, ಅಂದರೆ ಅದರ ಕೈ ನಿಧಾನವಾಗಿತ್ತು. ಬಿಂದಿಗೆ ಖಾಲಿಯಾಗಿ ಬರುವುದು ತಡವಾಗುತ್ತಾ ಹೋಯಿತು, ಇನ್ನೊಂದು ಕಂಠದವರೆಗೆ ತುಂಬಿತು. ನೋಡಿದರೆ, ಹಿಂದಿನ ದಿನ ಕಂಪ್ಯೂಟರ್ ವಿಭಾಗದವರು ಬಂದು ಯಾರಿಗೂ ಹೇಳದೆ ನೆಟ್‌ವರ್ಕ್ ವೈರು ಚುಚ್ಚಿಹೋಗಿದ್ದರು. ಎಲ್ಲ ಕಂಪ್ಯೂಟರುಗಳ ನಕಲನ್ನು ತಾನಾಗಿಯೇ ಒಂದು ಕಡೆ ಕೂಡಿಡುವ ವ್ಯವಸ್ಥೆಯಂತೆ. ಆ ನಕಲಿನ ಕೆಲಸ ಸರಿಯಾಗಿ ಆಗಲೇ ಶುರುವಾಗಿ ಡಿಸ್ಕನ್ನು ಆಚೆಗೂ ಈಚೆಗೂ ಎಳೆಯುತ್ತಿತ್ತು. ಕೀಲಿಮಣೆ ಮುಟ್ಟಿ ನಿಲ್ಲಿಸಲು ಹೋದರೆ ಇನ್ನಷ್ಟು ತಡ. ಅಕ್ಕ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಹಾಕಿ, ಮೇಜಿನ ಕೆಳಗೆ ತೆವಳಿಕೊಂಡು ಹೋಗಿ, ಧೂಳಿನಲ್ಲಿ ವೈರುಗಳ ಜಡೆ ಬಿಡಿಸಿ, ಆ ಒಂದನ್ನು ಹುಡುಕಿ ಕಿತ್ತಳು. ತಲೆ ಮೇಜಿಗೆ ಬಡಿಯಿತು. ಎದ್ದು ನೋಡಿದಳು. ಪರದೆಯ ಮೂಲೆಯಲ್ಲಿ ಸೊನ್ನೆ ಸೊನ್ನೆಯಾಗಿಯೇ ಇತ್ತು. ಹೆಡ್‌ಫೋನ್ ಏರಿಸಿಕೊಂಡಳು, ಏದುಸಿರು ತಡೆದು ಹೇಳಿದಳು: “ಎಲ್ಲ ಸರಿ ಇದೆ. ಮುಂದುವರಿಸಿ.”

“ಸರಿ” ಅಂದರು ಅವರು.

ರನ್ ಮುಗಿಯಿತು. ಅಕ್ಕ ಮುಖ ತೊಳೆದು, ಬಟ್ಟೆಯ ಧೂಳು ಕೊಡವಿ, ಕ್ಯಾಂಟೀನಿನಲ್ಲಿ ಹೋಗಿ ಕೂತಳು. ಬುಗುರಿಯಣ್ಣ ಬರಲಿಲ್ಲ. ಹಾಲ್‌ನ ಹಿಂಬಾಗಿಲಿನಿಂದ ಕೈಚೀಲ ಹಿಡಿದು ಹೊರಟುಹೋದರೆಂದು ಗೇಟಿನವರು ಹೇಳಿದರು. ಯಾರಿಗೂ ಹೋಗಿಬರುತ್ತೇನೆ ಎಂದು ಕೂಡ ಹೇಳಿರಲಿಲ್ಲ.

“ನೋಡಿದ್ಯಾ” ಅಂದಳು ಅಕ್ಕ ನನಗೆ. “ನಾನೇ ಏನೇನೋ ಅಂದ್ಕೊಂಡಿದ್ದೆ. ಹೇಳಿದ್ರೆ ಮರ್ಯಾದೆ ಹೋಗ್ತಿತ್ತು. ದೇವ್ರು ದೊಡ್ಡೋನು.” ಆ ಮಾತಿಗೆ ದೇವರೂ ನಕ್ಕಿರುವುದಿಲ್ಲ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಅವಳೇನೂ ಅಳುತ್ತಾ ಕೂರಲಿಲ್ಲ. ಹೊಸ ಆಪರೇಟರು ಬಂದ, ಲಕ್ಷಣವಾಗಿ “ಅಕ್ಕಾ, ಸಿದ್ಧವಾ?” ಅಂದ. ಅವಳೂ ಸಿದ್ಧ ಅಂದಳು. ಆದರೆ ಅವಳ ಫೋನಿನಲ್ಲಿ ಎರಡು ಊರಿನ ಹವಾಮಾನ ಸೇರಿತು. ನಮ್ಮೂರಿನದ್ದನ್ನು ಅವಳು ನೋಡುತ್ತಲೇ ಇರಲಿಲ್ಲ, ಮಳೆಯಲ್ಲಿ ನೆನೆದುಕೊಂಡು ಬರುತ್ತಿದ್ದಳು. “ಅಲ್ಲಿ ಇವತ್ತು ತುಂಬಾ ಚಳಿಯಂತೆ” ಅನ್ನುತ್ತಿದ್ದಳು, ತಲೆ ಒರೆಸಿಕೊಳ್ಳುತ್ತಾ. ಅಲ್ಲಿ ಎಂದರೆ ಎಲ್ಲಿ ಎಂದು ನಾನೂ ಕೇಳುತ್ತಿರಲಿಲ್ಲ. ಚಳಿಯಾದರೆ ಅವರಿಗೆ ಮೊಣಕಾಲು ಹಿಡಿಯುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ರನ್ ಶುರುವಾಗುವ ಮುಂಚೆ ಅವಳು ಹೆಡ್‌ಫೋನ್ ಹಾಕಿಕೊಂಡು ಖಾಲಿ ಹಾಲ್‌ನ ಸದ್ದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೇಳುತ್ತಾ ಕೂತಿರುತ್ತಿದ್ದಳು. ಅಲ್ಲಿ ಏನಿರುತ್ತದೆ? ಗಾಳಿಯ ಫ್ಯಾನು, ಯಾರದೋ ಚಪ್ಪಲಿ. ನಾನು ಗಾಜಿನಾಚೆಯಿಂದ ನೋಡಿ ಹಲ್ಲು ಕಡಿಯುತ್ತಿದ್ದೆ. ಫೋನ್ ನಂಬರು ಇತ್ತು. ಇಬ್ಬರಲ್ಲೂ ಇತ್ತು. ಮದುವೆಯ ವಯಸ್ಸಿನ ನನ್ನ ತಂಗಿಗೆ ಬೈಯಬಹುದಾದದ್ದನ್ನು ಈ ವಯಸ್ಸಿನವಳಿಗೆ ಬೈಯಲು ನಾಲಿಗೆ ಏಳುತ್ತಿರಲಿಲ್ಲ.

ವರ್ಷ ತಿರುಗುತ್ತಾ ಬಂದಾಗ ಗ್ರಾಹಕರೊಬ್ಬರು ಪತ್ರ ಬರೆದರು. ಆ ಕೊನೆಯ ರನ್ನಿನ ಚಕ್ರ ಅವರದ್ದು. ಬಳಕೆಯಲ್ಲಿ ಅದರ ಒಂದು ಬ್ಲೇಡು ಬಿರುಕು ಬಿಟ್ಟಿದೆ, ಪರೀಕ್ಷೆಯ ಹೊತ್ತಿನಲ್ಲೇ ಏನಾದರೂ ಸುಳಿವು ಇತ್ತೇ ನೋಡಿ ಎಂದರು. ಆಗ ವರದಿಗೆ ಬೇಕಾದ ನಾಲ್ಕು ಗ್ರಾಫ್ ಮಾತ್ರ ತೆಗೆದು ಉಳಿದದ್ದನ್ನು ಬೀರುವಿಗೆ ಸೇರಿಸಿದ್ದೆವು, ಎಲ್ಲ ರನ್ನುಗಳಿಗೂ ಹಾಗೇ ಮಾಡುವುದು. ಈಗ ಪೂರ್ತಿ ದಾಖಲೆ ಬಿಚ್ಚಿದೆ. ಪೂರ್ತಿ ವೇಗದಲ್ಲಿ ಆಪರೇಟರಿಗೆ ಏನಾದರೂ ವಿಚಿತ್ರ ಸದ್ದು ಕೇಳಿ ಹೇಳಿದ್ದರೇನೋ ಎಂದು ಮಾತಿನ ಚಾನೆಲ್ ಹಾಕಿದೆ. ಚಕ್ರದ ಮೊರೆತವನ್ನು ಸೋಸಿ ತೆಗೆದೆ. ಬುಗುರಿಯಣ್ಣನ ದನಿ ಪಕ್ಕದಲ್ಲೇ ಕೂತು ಮಾತಾಡಿದಂತೆ ಬಂತು.

ಕೇಳಿ ಮುಗಿಸಿದೆ. ಎದ್ದು ಹೋಗಿ ಅಕ್ಕನನ್ನು ಕೈ ಹಿಡಿದು ಎಳೆದುಕೊಂಡು ಬಂದೆ. ಬಾಗಿಲು ಹಾಕಿ, ಹೆಡ್‌ಫೋನನ್ನು ಅವಳ ಕಿವಿಗೆ ಇಟ್ಟೆ.

“ಕೇಳಿಸ್ತಿದೆಯಾ... ಇದು ರೆಕಾರ್ಡ್ ಆಗುತ್ತೆ ಅಂತ ಗೊತ್ತು. ಆಗ್ಲಿ. ಎದುರಿಗೆ ನಿಂತ್ರೆ ನನಗೆ ಮಾತು ಹೊರಡಲ್ಲ. ನಮ್ಮಕ್ಕನ ಮನೆ ಚಿಕ್ಕದು. ಮಹಡಿ ಮೇಲೆ ಒಂದು ಕೋಣೆ ಇದೆ, ಬೆಳಗ್ಗೆ ಬಿಸಿಲು ಬರುತ್ತೆ. ಹೋದ ಸಲ ಹೋದಾಗ ಬಾಗಿಲಿಗೆ ಒಳಗಿಂದ ಚಿಲಕ ಹಾಕ್ಸಿ ಬಂದೆ. ನನ್ನ ಮದುವೆ ಆಗಿ ಅಲ್ಲಿಗೆ ಬರ್ತೀರಾ? ಎಷ್ಟೋ ವರ್ಷದಿಂದ ಕೇಳ್ಬೇಕು ಅಂತಿದ್ದೆ... ಇಲ್ಲ ಅಂತ ಬಾಯಿಬಿಟ್ಟು ಹೇಳೋದು ನಿಮಗೆ ಕಷ್ಟ, ನಿಮ್ಮ ಸ್ವಭಾವ ಗೊತ್ತು ನನಗೆ. ಹೇಳ್ಬೇಡಿ. ಇಷ್ಟ ಇಲ್ದಿದ್ರೆ ಯಾವಾಗಿನ ಹಾಗೆ ಮುಂದುವರಿಸಿ ಅಂದ್ಬಿಡಿ, ಸಾಕು. ನಾನು ಅರ್ಥ ಮಾಡ್ಕೋತೀನಿ. ಮತ್ತೆ ಯಾವತ್ತೂ ಈ ಮಾತು ಎತ್ತಲ್ಲ.”

ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮೇಜಿಗೆ ಏನೋ ಬಡಿದ ಸದ್ದು. ಆಮೇಲೆ ಅಕ್ಕನದೇ ದನಿ, ಏದುಸಿರಿನಲ್ಲಿ: “ಎಲ್ಲ ಸರಿ ಇದೆ. ಮುಂದುವರಿಸಿ.”

“ಸರಿ.”

ಅಕ್ಕ ಹೆಡ್‌ಫೋನ್ ತೆಗೆಯಲಿಲ್ಲ. ಇನ್ನೊಂದು ಸಲ ಹಾಕು ಎಂದು ಕೈಸನ್ನೆ ಮಾಡಿದಳು. ಹಾಕಿದೆ. ತನ್ನ ದನಿ ಬರುವ ಜಾಗ ಹತ್ತಿರವಾದಾಗ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು, ಈಗಲಾದರೂ ಆ ಮಾತನ್ನು ತಡೆಯಬಹುದೇನೋ ಅನ್ನುವ ಹಾಗೆ. ತಡೆಯಲಾಗಲಿಲ್ಲ. ಆಮೇಲೆ ಅತ್ತಳು. ಇಷ್ಟು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

“ಫೋನ್ ಮಾಡು” ಅಂದೆ.

“ವರ್ಷ ಆಯ್ತಲ್ಲೇ. ಇಲ್ಲ ಅನ್ನಿಸ್ಕೊಂಡು ಹೋದ ಮನುಷ್ಯ. ನನ್ನ ಮೇಲೆ ಬೇಜಾರಾಗಿ, ಅದೂ ಮರೆತು, ತಮ್ಮ ಪಾಡಿಗೆ ತಾವಿರ್ತಾರೆ. ಈಗ ಏನಂತ ಹೇಳ್ಲಿ? ಮೇಜಿನ ಕೆಳಗಿದ್ದೆ ಅಂತ ಹೇಳ್ಲಾ?”

“ಹೂಂ, ಹಾಗೇ ಹೇಳು. ನಿಜ ತಾನೇ?”

“ನಗ್ತಾರೆ.”

“ನಗ್ಲಿ! ನಗಿಸಿದ ಪುಣ್ಯನಾದ್ರೂ ಬರ್ಲಿ ನಿನಗೆ. ಅಕ್ಕ, ಒಂದು ಮಾತು ಹೇಳ್ತೀನಿ, ಸಿಟ್ಟು ಮಾಡ್ಕೊಂಡ್ರೂ ಪರವಾಗಿಲ್ಲ. ಊರಿನ ಚಕ್ರದ್ದೆಲ್ಲ ಒಂದು ಹನಿ ಚೆಲ್ಲದ ಹಾಗೆ ಹಿಡಿದೆ. ನಿನ್ನದನ್ನ ಹಿಡಿಯೋಕೆ ಇನ್ಯಾರು ಬರ್ಬೇಕು?”

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. ಫೋನ್ ತೆಗೆದಳು. ನಂಬರು ಒತ್ತಿದಳು. ನಾನು ನಾಚಿಕೆ ಬಿಟ್ಟು ಸ್ಪೀಕರ್ ಹಾಕಿದೆ, ಅವಳು ಬೇಡ ಅನ್ನಲಿಲ್ಲ.

“ಹಲೋ, ನಾನು...”

“ಗೊತ್ತಾಯ್ತು” ಅಂದರು ಬುಗುರಿಯಣ್ಣ. ಆ ಒಂದು ಮಾತಿನಲ್ಲೇ ಅವರು ಏನನ್ನೂ ಮರೆತಿಲ್ಲ ಎಂದು ನನಗೆ ತಿಳಿಯಿತು.

“ಆ ಕಡೇ ದಿನ ನಾನು ಮೇಜಿನ ಕೆಳಗಿದ್ದೆ.”

“ಏನು?”

“ವೈರು ಕೀಳೋಕೆ ಮೇಜಿನ ಕೆಳಗೆ ಹೋಗಿದ್ದೆ. ಹೆಡ್‌ಫೋನ್ ಮೇಲಿತ್ತು. ನೀವು ಅಂದಿದ್ದು ಒಂದಕ್ಷರಾನೂ ನನ್ನ ಕಿವಿಗೆ ಬೀಳ್ಲಿಲ್ಲ. ಇವತ್ತು, ಈಗ ತಾನೇ ಗೊತ್ತಾಗಿದ್ದು. ನಾನು ಆ ಮುಂದುವರಿಸಿ ಅಂದಿದ್ದು ನಿಮಗಲ್ಲ. ಯಂತ್ರಕ್ಕೆ. ನಿಮಗೆ ಹೇಳೋದು ಬೇರೆ ಇತ್ತು. ಹೇಳೋಣ ಅಂತಲೇ ಟೀ ಹಿಡ್ಕೊಂಡು ಕೂತಿದ್ದೆ, ನೀವು ಬರ್ಲೇ ಇಲ್ಲ. ನಾನು ಬರ್ತೀನಿ. ಬರ್ತೀನಿ ಅಂತಲೇ ಹೇಳ್ಬೇಕಿತ್ತು.”

ಲೈನ್ ಹೋಯಿತೇನೋ ಎಂದು ನಾನು ಪರದೆ ನೋಡಿದೆ. ಇತ್ತು.

“ನಾನು ಸುಮಾರು ದಿನ ಆ ಕೋಣೆ ಗುಡಿಸಿ ಇಟ್ಟೆ” ಅಂದರು ಕೊನೆಗೆ. “ಮನಸ್ಸು ಬದಲಾಯಿಸ್ತೀರೇನೋ ಅಂತ. ಆಮೇಲೆ ನಮ್ಮಕ್ಕ ಬೈದಳು, ಯಾರೂ ಇಲ್ದೇ ಇರೋ ಕೋಣೆಗೆ ದಿನಾ ಕಸ ಗುಡಿಸ್ತೀಯಲ್ಲ, ನಿನಗೇನು ಬುದ್ಧಿ ಕೆಟ್ಟಿದೆಯಾ ಅಂತ. ಬಾಡಿಗೆಗೆ ಕೊಟ್ಬಿಟ್ವಿ. ತಾಯಿ, ಮಗಳು ಇದ್ದಾರೆ.”

ಅಕ್ಕ ಕಣ್ಣೊರೆಸಿಕೊಂಡಳು. “ಯಾವಾಗ ಖಾಲಿ ಮಾಡ್ತಾರೆ?”

ಅವರು ನಕ್ಕರೋ ಅತ್ತರೋ ನನಗೆ ಗೊತ್ತಾಗಲಿಲ್ಲ. “ಆ ಹುಡುಗಿಗೆ ಪರೀಕ್ಷೆ ಇದೆ. ಅದು ಮುಗಿಯೋ ತನಕ ಹೋಗಿ ಅನ್ನೋಕಾಗಲ್ಲ. ಕಾಯ್ಬೇಕಾಗುತ್ತೆ.”

“ಕಾಯ್ತೀನಿ” ಅಂದಳು ಅಕ್ಕ. “ಆದ್ರೆ ಅವರಿಗೆ ಇವತ್ತೇ ಹೇಳಿ. ನಾಳೆ ಅಂತ ಇಟ್ಕೋಬೇಡಿ. ಈಗ್ಲೇ ಹೋಗಿ ಹೇಳಿ, ನಾನು ಫೋನ್ ಹಿಡ್ಕೊಂಡಿರ್ತೀನಿ.”

ಕುರ್ಚಿ ಸರಿದ ಸದ್ದು ಬಂತು. ಆಮೇಲೆ ಮೆಟ್ಟಿಲು. ಅವರ ಮೊಣಕಾಲು ಇನ್ನೂ ಸರಿಹೋಗಿರಲಿಲ್ಲ, ಒಂದೊಂದೇ ಮೆಟ್ಟಿಲಿಗೆ ನಿಂತು ನಿಂತು ಹತ್ತುತ್ತಿದ್ದರು. ಅಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಅವರು ಮೇಲೆ ಮುಟ್ಟುವುದನ್ನೇ ಕೇಳುತ್ತಾ ಕೂತಿದ್ದಳು.